ಸಲಾಮಿಗೆ ನಿಂತದ್ದು

ಅರಸೀಕೆರೆ
17-7-1997, ಗುರುವಾರ

ಪ್ರೀತಿಯ ಮುಜೀಬ್ ಭಾಯಿಗೆ ನಿಮ್ಮ ತಂಗಿಯ ಸಲಾಂ.

ಮಧ್ಯಾಹ್ನ ಮೂರು ಗಂಟೆ. ನಾಳೆಯ ಈದ್ ಮಿಲಾದ್ ಮೆರವಣಿಗೆಗೆ ಬೀದಿಯಲ್ಲಿ ಕಮಾನು ಕಟ್ಟುವವರ ಸುತ್ತಿಗೆ ಸದ್ದಿಗೆ ಎಚ್ಚರವಾಯಿತು. ಹೆರಿಗೆಯಾದಾಗಿನಿಂದ ನನಗೆ ನಿದ್ದೆಯೆಂದರೆ ಹೀಗೆ ಕದ್ದ ತುಣುಕು. "ಮೆಲ್ಲಗೆ ಹೊಡೀರೋ, ನನ್ ಮೊಮ್ಮಗ ಮಲಗವ್ನೆ!" ಎಂದು ಅತ್ತೆ ಬಾಗಿಲಲ್ಲಿ ನಿಂತು ಕೂಗಿದರು. ಸುತ್ತಿಗೆಗೆ ಏಳದವನು ಆ ಕೂಗಿಗೆ ಎದ್ದ.

ಬೆಳಿಗ್ಗೆ ಪಕ್ಕದ ಪದ್ಮಕುಮಾರ ಅವರ ಅಂಗಡಿಗೆ ನಿಮ್ಮ ಫೋನ್ ಬಂದಾಗ, ನಾಳೆ ಮಗುವಿನ ಕೂದಲು ತೆಗೆಯುವ ಅಖೀಖಾಕ್ಕೆ ಯಾವ ಬಸ್ಸಿಗೆ ಬರುತ್ತೀರಿ ಎಂದು ಹೇಳಲಿಕ್ಕಿರಬೇಕು ಅಂತ ಓಡಿದೆ. ನೀವು ಕೇಳಿದ್ದು ಒಂದೇ ಮಾತು: "ಮಿಲಾದಿನಲ್ಲಿ ನೀನೂ ಎದ್ದು ನಿಂತೆಯಂತೆ, ಹೌದಾ?" ನಾನು ಬಾಯಿ ತೆರೆಯುವಷ್ಟರಲ್ಲಿ, ಆ ಮನೆಗೆ ಕಾಲಿಡುವುದಿಲ್ಲವೆಂದು ಹೇಳಿ ಫೋನ್ ಇಟ್ಟುಬಿಟ್ಟಿರಿ.

ನಡೆದದ್ದು ಇಷ್ಟು. ನನ್ನ ಹೆರಿಗೆ ಕಷ್ಟವಾದಾಗ ಅತ್ತೆ ಹರಕೆ ಹೊತ್ತಿದ್ದರು. ನಿನ್ನೆ ಮನೆಯಲ್ಲಿ ಪ್ರವಾದಿಯವರ ಹುಟ್ಟನ್ನು ಹಾಡುವ ಹೆಂಗಸರ ಮಿಲಾದ್ ಮಾಡಿಸಿದರು. ಕೊನೆಗೆ ನಬಿಯವರಿಗೆ ಸಲಾಂ ಹಾಡುವಾಗ ಎಲ್ಲರೂ ಏಳುತ್ತಾರೆ. ನೀವು ಹೇಳಿಕೊಟ್ಟಂತೆ ನಾನು ಕೂತೇ ಇರಬೇಕೆಂದು ಗೋಡೆಗೆ ಒರಗಿದ್ದೆ. ನಿಮ್ಮ ಸೋದರಳಿಯನ ಬುದ್ಧಿ ನಿಮಗಿನ್ನೂ ಗೊತ್ತಿಲ್ಲ. ಹೆಗಲಿಗೆ ಹಾಕಿಕೊಂಡು ನಿಂತರೆ ಮಾತ್ರ ಸುಮ್ಮನಾಗುತ್ತಾನೆ. ಸರಿಯಾಗಿ ಆಗಲೇ ಕಿರುಚಿದ, ಎದ್ದೆ. ಸೊಸೆ ದಾರಿಗೆ ಬಂದಳೆಂದು ಅತ್ತೆ ಕಣ್ಣೊರೆಸಿಕೊಂಡರು. ತಂಗಿ ದಾರಿ ತಪ್ಪಿದಳೆಂದು ನೀವು ಫೋನ್ ಇಟ್ಟಿರಿ.

ನಬಿಯವರ ಜೊತೆಗಿದ್ದ ಸಹಾಬಿಗಳೇ ಮಾಡದ್ದನ್ನು ದೀನ್, ಧರ್ಮ ಎಂದು ನಾವು ಸೇರಿಸಬಾರದು ಎಂಬ ನಿಮ್ಮ ಮಾತನ್ನು ನಾನು ಹಗುರ ಮಾಡಿಲ್ಲ. ಅತ್ತೆಗೂ ಹೇಳಿದ್ದೆ. "ಅವ್ರು ಹುಟ್ಟಿದ್ದಕ್ಕೆ ಸಂತೋಷಪಡೋಕೂ ಅಪ್ಪಣೆ ಬೇಕಾ? ಹಂಗಾದ್ರೆ ಕೂದ್ಲು ತೆಗೆಯೋವಾಗ ಮಗೂನ ಸೋದರಮಾವನ ತೊಡೆ ಮೇಲೆ ಕೂರ್ಸೋದು ಯಾವ ಕಿತಾಬಲ್ಲೈತೆ? ಅದೂ ಬೇಡ್ವಂತಾ ನಿಮ್ಮಣ್ಣಂಗೆ?" ಎಂದರು. ಅಂಗಡಿಯಲ್ಲಿ ನಾನು ಅಳುವುದನ್ನು ಕಂಡು ಪದ್ಮಕುಮಾರ ಅವರ ಹೆಂಡತಿ ರಾಜಮತಿಯಮ್ಮ, "ನಮ್ಮ ಬಸದೀಲೂ ಇದೇ ಗಲಾಟೆ ಕಣೇ. ಅಭಿಷೇಕಕ್ಕೆ ಹಾಲು ಮೊಸರು ಬೇಕು ಅಂತ ನಮ್ಮೆಜಮಾನ್ರು, ನೀರೇ ಸಾಕು ಅಂತ ಅವರ ತಮ್ಮ. ಜಗಳ ಆಡ್ತಾನೇ ಒಟ್ಟಿಗೆ ಉಣ್ತಾರೆ" ಎಂದರು.

ಆದರೆ ಭಾಯಿ, ನಿಂತ ಮೇಲೆ ಆದದ್ದನ್ನು ಹೇಳದೆ ಇರಲಾರೆ. ನಮಾಜನ್ನೂ ಕೂತೇ ಮಾಡುವ ಮುದುಕಿಯರು ಒಬ್ಬರ ಭುಜ ಒಬ್ಬರು ಹಿಡಿದು ಎದ್ದರು. ಊದಿನ ಹೊಗೆಯಲ್ಲಿ ಅಷ್ಟೂ ಕಂಠ ಒಂದಾದಾಗ ನಮ್ಮ ಇಕ್ಕಟ್ಟಿನ ನಡುಮನೆ ಎಷ್ಟು ದೊಡ್ಡದಾಯಿತೋ! ಆ ಹೊತ್ತಿಗೆ ನಬಿಯವರೇ ಬರುತ್ತಾರೆಂದು ಅತ್ತೆ ನಂಬುತ್ತಾರೆ, ಯಾರೋ ಬಂದರು ಎಂದು ನಾನು ಹೇಳುವುದಿಲ್ಲ. ಕೂಸಿನ ಬಿಸಿ ಉಸಿರು ಕತ್ತಿಗೆ ತಾಗುತ್ತಿತ್ತು. ಇಡೀ ಲೋಕ ಸಲಾಂ ಹೇಳುವ ಅವರೂ ಒಂದು ದಿನ ಇಷ್ಟೇ ಇದ್ದರು, ಇಷ್ಟೇ ಭಾರ, ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡು ಒಬ್ಬ ತಾಯಿಯ ಹೆಗಲ ಮೇಲೆ. ನಮ್ಮ ಅಬ್ಬಾ ತೀರಿಕೊಂಡ ದಿನ ನನ್ನನ್ನು ಎತ್ತಿಕೊಂಡು, "ನಬಿಯವರಿಗೂ ಅಬ್ಬಾ ಇರಲಿಲ್ಲ ಕಣೇ" ಎಂದವರು ನೀವು. ಅವರನ್ನು ಪ್ರೀತಿಸಲು ನನಗೆ ಕಲಿಸಿದ್ದು ಅತ್ತೆಯಲ್ಲ.

ನಾಳೆ ನೀವು ಬಾರದಿದ್ದರೆ ಮಗುವನ್ನು ಬೇರೆ ಯಾರದೋ ತೊಡೆಯ ಮೇಲೆ ಕೂರಿಸುತ್ತಾರೆ. ಅದನ್ನು ನಾನು ನೋಡಲಾರೆ. ಮೆರವಣಿಗೆಗೆ ಬರಬೇಡಿ, ಶರಬತ್ತೂ ಕುಡಿಯಬೇಡಿ. ಅವನನ್ನು ಹಿಡಿದುಕೊಳ್ಳಿ, ಸಾಕು. ಕಾಗದವನ್ನು ಬೇಲೂರು ಬಸ್ಸಿನ ಕಂಡಕ್ಟರ್ ಹೊನ್ನಯ್ಯನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಎಷ್ಟು ಹೊತ್ತಿಗೆ ಫೋನ್ ಬಂದರೂ ಕರೆಯುತ್ತೇನೆಂದು ರಾಜಮತಿಯಮ್ಮ ಹೇಳಿದ್ದಾರೆ.

ನೀವು ಎತ್ತಿ ಬೆಳೆಸಿದ
ಶಗುಫ್ತಾ

ಮತ್ತೆ: ಸಲಾಮಿನ ಮೊದಲ ಸಾಲಿಗೇ ಅವನು ನಿದ್ದೆ ಹೋಗಿದ್ದ. ಕೂರಬಹುದಿತ್ತು. ಕೂರಲಿಲ್ಲ ಭಾಯಿ, ಕೊನೆಯವರೆಗೂ ನಿಂತೇ ಇದ್ದೆ. ಇದನ್ನು ಓದಿದ ಮೇಲೂ ಫೋನ್ ಮಾಡಿ. ಬಯ್ಯುವುದಕ್ಕಾದರೂ ಮಾಡಿ. ಬೆಳಗಾಗುವ ಮುಂಚೆ ಮಾಡಿ.