ಎದುರಾಳಿಗೆ ಕೊಟ್ಟ ಚಕ್ರ

ಜಯನಗರ, ಶನಿವಾರ ಸಂಜೆ

ಅಪ್ಪಾಜಿಗೆ ನಮಸ್ಕಾರ.

ಖೊಖೊ ಆಡಿಸುವ ಟೀಚರಿಗೆ ಶಾಲೆಯ ರೋಬೋಟಿಕ್ಸ್ ಕ್ಲಬ್ ಒಪ್ಪಿಸಿದರು ಎಂದು ನಕ್ಕಿದ್ದಿರಲ್ಲ, ಇವತ್ತು ಇಲ್ಲಿದ್ದಿದ್ದರೆ ಸಿಟ್ಟೇ ಬರುತ್ತಿತ್ತು. ಕುಕ್ಕರಿನಷ್ಟು ದೊಡ್ಡ ಗಾಡಿಗಳು ಚೆಂಡು ಹೆಕ್ಕಿ ಬುಟ್ಟಿಗೆ ಹಾಕುವ ಪಂದ್ಯ. ನಮ್ಮ ಎದುರಾಳಿ ಹುಳಿಮಾವಿನ ತಂಡ. ಅವರ ಗಾಡಿಯ ಚಕ್ರ ಮುರಿದಾಗ ನಮ್ಮ ಸಿಂಚನ ಓಡಿಹೋಗಿ, ನಮ್ಮಲ್ಲಿದ್ದ ಒಂದೇ ಹೆಚ್ಚುವರಿ ಚಕ್ರವನ್ನು ಕೊಟ್ಟುಬಂದಳು! ಎದುರಾಳಿಗೆ ನೀರೂ ಕೊಡಬಾರದೆಂದು ನಿಮ್ಮಿಂದ ಕಲಿತವಳು ನಾನು. “ತಲೆ ನೆಟ್ಟಗಿದ್ಯೇನೇ ನಿಂಗೆ?” ಎಂದು ಎಲ್ಲರೆದುರು ಬೈದೆ. ಅದೇ ಚಕ್ರದಲ್ಲಿ ಓಡಿ ಅವರು ನಮ್ಮನ್ನು ಸೋಲಿಸಿದರು. ಹುಡುಗಿ ಅತ್ತಳು. ಊರಿಗೆ ಹೊರಡೋಣವೆಂದು ನಾನು ಚೀಲ ಕಟ್ಟಿಸಿದೆ.

ಇಲ್ಲಿ ಫೈನಲ್ ತಲುಪಿದವರು ಸೋತ ತಂಡವೊಂದನ್ನು ಜೊತೆಗೆ ಆರಿಸಿಕೊಳ್ಳಬೇಕಂತೆ. ಹುಳಿಮಾವಿನ ಹುಡುಗರು ಮೈಕಿನಲ್ಲಿ ನಮ್ಮ ಹೆಸರನ್ನೇ ಕೂಗಿದರು! ಎರಡು ಗಾಡಿಗಳೂ ಜೊತೆಯಾಗಿ ಆಡಿ ಗೆದ್ದವು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ. ಬಿಸಿನೀರು ಕುಡಿಯುತ್ತಿದ್ದೇನೆ, ಯೋಚಿಸಬೇಡಿ.

ಆಮೇಲೆ ಅವರು ಚಕ್ರ ಹಿಂದಿರುಗಿಸಲು ಸ್ಕ್ರೂ ಬಿಚ್ಚತೊಡಗಿದರು. ಸಿಂಚನ ಹೆದರಿ ನನ್ನ ಮುಖ ನೋಡಿದಳು.

“ಬಿಚ್ಚಬೇಡ್ರೋ, ಅಲ್ಲೇ ಇರ್ಲಿ” ಎಂದದ್ದು ನಾನೇ, ಅಪ್ಪಾಜಿ.

ಬಸ್ಸಿಗೆ ಹೊತ್ತಾಯಿತು.
ನಿಮ್ಮ ಇಂದ್ರಾಣಿ