ಏಳನೇ ಪ್ರಶ್ನೆಯ ಮೂರು ಸಾವಿರದ ಎಂಟುನೂರ ನಲವತ್ತಾರು ಜನ

ಪರಾಭವ ಸಂವತ್ಸರ, ಫೆಬ್ರವರಿ ೩೦, ೨೨೦೭

ಶಾಲೆಯ ಕೊನೆಯ ಪರೀಕ್ಷೆಗೆ ಅನ್ವಯ ಗಣಿತ ಓದುತ್ತ ಕೂತಿರುವವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ಗೊತ್ತುಮಾಡಿ ತೊಂಬತ್ತು ವರ್ಷವಾಯಿತು. ಉಳಿದ ಐದು ದಿನಗಳಿಗೆ ತಿಂಗಳಿಲ್ಲ; ಅವನ್ನು ವರ್ಷದ ಕೊನೆಗೆ ಸೇರಿಸಿದ್ದಾರೆ. ಸಂವತ್ಸರದ ಹೆಸರು ಮಾತ್ರ ನಿಮ್ಮದೇ. ನಿಮ್ಮ ಪರಾಭವಕ್ಕೂ ನಮ್ಮ ಪರಾಭವಕ್ಕೂ ನಡುವೆ ನೂರಾ ಎಂಬತ್ತು ವರ್ಷ. ನನ್ನ ಬರಹದಲ್ಲಿ ನೀವು ಕೇಳದ ಪದಗಳು ಬರುತ್ತವೆ, ಕ್ಷಮಿಸಿ. ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಈ ಪತ್ರವನ್ನು ನಿಮಗೆ ತಲುಪಿಸುತ್ತೇವೆ ಎನ್ನುವವರನ್ನು ನಾನು ಪೂರ್ತಿ ನಂಬಿಲ್ಲ. ಆದರೂ ಬರೆಯುತ್ತಿದ್ದೇನೆ.

ನಮ್ಮ ಕೊಪ್ಪಳ ಸೀಮೆಯಲ್ಲಿ ಈಗ ಶಾಲೆ ಬೆಳಗಿನ ಐದಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತದೆ. ಹತ್ತಕ್ಕೆ ಬಿಸಿಲಗಂಟೆ ಹೊಡೆಯುತ್ತದೆ. ಅದಾದ ಮೇಲೆ ಸಂಜೆಯವರೆಗೆ ಯಾರೂ ಹೊರಗೆ ನಿಲ್ಲುವಂತಿಲ್ಲ. ಓಣಿಗಳಿಗೆಲ್ಲ ಮೇಲೆ ಜೊಂಡಿನ ಚಾಪೆ ಹೊದಿಸಿರುತ್ತಾರೆ. ಊಟ ನಿಮ್ಮದಕ್ಕಿಂತ ಬಹಳ ಬೇರೆ ಇರಲಿಕ್ಕಿಲ್ಲ: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಸಿಕ್ಕರೆ ಹಬ್ಬ. ಕಾಗದ ಮಾತ್ರ ಅಪರೂಪ. ವರ್ಷವಿಡೀ ಪಾಟಿಯ ಮೇಲೆ ಬರೆದು ಒರೆಸುವ ನಮಗೆ ಪರೀಕ್ಷೆಯ ದಿನ ಮಾತ್ರ ಬಿಳಿ ಹಾಳೆ ಕೊಡುತ್ತಾರೆ. ಬರೆಯುವ ಮೊದಲು ಕೆಲವರು ಅದನ್ನು ಮೂಸಿ ನೋಡುತ್ತಾರೆ.

ಎರಡು ಮಾತುಗಳನ್ನು ನೀವು ತಿಳಿದಿರಬೇಕು. ಒಂದು, ಊರುಮುಚ್ಚು. ನೀರು ಸಾಲದ ಊರನ್ನು ಸರಕಾರ ಮುಚ್ಚುತ್ತದೆ. ಜನರನ್ನು ಲಾರಿಗಳಲ್ಲಿ ಹತ್ತು ಕಡೆಗೆ ಹಂಚುತ್ತದೆ. ಇನ್ನೊಂದು, ಕೈಲೆಕ್ಕ. ನನ್ನ ಮುತ್ತಜ್ಜಿಯ ಕಾಲದಲ್ಲಿ ಇಂಥದ್ದನ್ನೆಲ್ಲ ಯಂತ್ರಗಳೇ ನಿರ್ಧರಿಸುತ್ತಿದ್ದವಂತೆ. ಅವು ಒಮ್ಮೆ ತಪ್ಪಿ ಬಹಳ ಜನ ಸತ್ತ ಮೇಲೆ ಕಾಯಿದೆ ಬಂತು: ಊರು ಮುಚ್ಚಬೇಕಾದರೆ ಸಾವಿರ ಜನ ಬೇರೆ ಬೇರೆ ಕೂತು, ಕೈಯಿಂದಲೇ ಲೆಕ್ಕ ಮಾಡಿ, ಒಂದೇ ಉತ್ತರಕ್ಕೆ ಬರಬೇಕು. ಆ ಸಾವಿರ ಜನ ಯಾರು, ಎಲ್ಲಿ ಕೂರುತ್ತಾರೆ ಎಂದು ಕಾಯಿದೆಯಲ್ಲಿ ಬರೆದಿಲ್ಲ.

ನನಗೆ ಹದಿನೇಳು ವರ್ಷವಾಗಿದ್ದಾಗ ಕರಡಿಬಂಡಿಯ ಶಾಲೆಯಲ್ಲಿ ನಾವು ಮೂವರು ಒಟ್ಟಿಗೆ ಓದುತ್ತಿದ್ದೆವು. ಬಡಿಗೇರ ಮನೆಯ ಕಸ್ತೂರಿಯಾದ ನಾನು, ತರಗತಿಗೆ ಮೊದಲಿಗಳಾದ ಮೆಹಜಬೀನ ನದಾಫ, ಮತ್ತು ಸಂಗನಬಸು. ಅವನ ಅಪ್ಪ ನೀರಿನ ಇಲಾಖೆಯಲ್ಲಿ ಮೀಟರು ಓದುವವನು. ನಮಗೆ ಕಲಿಸುತ್ತಿದ್ದವರು ವಾಲಿಕಾರ ಮಾಸ್ತರು. ಹತ್ತು ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಲಗೆಗೆ ಅಂಟಿಸಿ ಕೊಟ್ಟಿದ್ದರು. ಅವನ್ನು ಬಿಡಿಸುವುದೇ ನಮ್ಮ ತಯಾರಿ.

ಒಂದು ದಿನ ಮೆಹಜಬೀನ ಪಾಟಿ ಕೆಳಗಿಟ್ಟಳು.

"ಕಸ್ತೂರಿ, ಒಂದ್ ವಿಚಾರ ಮಾಡು. ಪುಸ್ತಕದ ಲೆಕ್ಕದಾಗ ಊರಿಗೆ ಸಾವಿರ ಮಂದಿ, ಎರಡ ಸಾವಿರ ಮಂದಿ. ಭಾಗಿಸಿದ್ರ ಶೇಷ ಉಳಿಯಂಗಿಲ್ಲ. ಪರೀಕ್ಷಾದಾಗ ಯಾಕ ಎರಡ ಸಾವಿರದ ಮುನ್ನೂರ ಹದಿನೇಳು?"

"ಕಠಿಣ ಮಾಡಾಕ," ಅಂದೆ.

"ಕಠಿಣ ಮಾಡಾಕ ಪ್ರಶ್ನಿ ಕಠಿಣ ಮಾಡ್ತಾರ. ಮಂದೀನ್ಯಾಕ ಕಠಿಣ ಮಾಡ್ತಾರ?"

ಮರುದಿನ ಅವಳು ತನ್ನ ಅಜ್ಜಿಯ ತಗಡಿನ ಬಿಲ್ಲೆ ತಂದು ನನಗೂ ಸಂಗನಬಸುವಿಗೂ ತೋರಿಸಿದಳು. ಊರು ಬಿಟ್ಟವರಿಗೆಲ್ಲ ಅಂಥದೊಂದು ಕೊಡುತ್ತಾರೆ. ಅದರ ಮೇಲೆ ಕೊರೆದಿತ್ತು: ಎಲೆಗುಡ್ಡ, ಮುಚ್ಚಿದ ಊರು, ಜನ ೨೩೧೭. ಆ ಅಂಕಿ ಇದ್ದ ಪ್ರಶ್ನೆ ಎಂಟು ವರ್ಷದ ಹಿಂದಿನದು. ಎಲೆಗುಡ್ಡ ಮುಚ್ಚಿದ್ದು ಅದೇ ವರ್ಷ, ಪರೀಕ್ಷೆಯಾಗಿ ಮೂರು ತಿಂಗಳಿಗೆ. ಕಾಯಿದೆ ಹೇಳುವ ಆ ಸಾವಿರ ಜನ ಪರೀಕ್ಷೆಗೆ ಕೂತ ಮಕ್ಕಳೇ ಇರಬೇಕು ಎಂಬ ಅನುಮಾನ ನಮಗೆ ಆಗ ಬಂತು.

ನಾನು ವಾಲಿಕಾರ ಮಾಸ್ತರರನ್ನು ಕೇಳಿದೆ. "ಸರ್, ಈ ಲೆಕ್ಕದಾಗಿನ ಊರು ಎಲ್ಲಿ ಬರ್ತಾವ್ರಿ?"

ಅವರು ಕೈಯ ಸೀಮೆಸುಣ್ಣ ಒರೆಸಿಕೊಂಡರು. "ಲೆಕ್ಕದಾಗ ಊರಿರಂಗಿಲ್ಲವ್ವಾ. ಅಂಕಿ ಇರ್ತಾವ," ಎಂದರು. ಮರುದಿನ ಹಳೆಯ ಪತ್ರಿಕೆಗಳ ಹಲಗೆಗಳು ಕಪಾಟಿನಲ್ಲಿ ಇರಲಿಲ್ಲ. ಕಪಾಟಿಗೆ ಹೊಸ ಬೀಗ ಬಿದ್ದಿತ್ತು.

ಅನುಮಾನ ಒಮ್ಮೆ ಮನೆಯೊಳಗೆ ಬಂದರೆ ಎಲ್ಲರ ತಾಟಿಗೂ ಕೈ ಹಾಕುತ್ತದೆ. ಮಾಸ್ತರರು ಯಾರ ಕಡೆಯವರು? ನಾನು ಕೇಳಿದ ಒಂದು ಮಾತಿಗೇ ಬೀಗ ಬೀಳುತ್ತದೆಯೇ, ಅಜ್ಜಿಯ ಬಿಲ್ಲೆಯ ಸುದ್ದಿಯನ್ನೂ ಅವರಿಗೆ ಯಾರೋ ಹೇಳಿರಬೇಕಲ್ಲವೇ? ಬಿಲ್ಲೆ ನೋಡಿದ್ದವರು ಮೂವರೇ. ನಾನಲ್ಲ, ಮೆಹಜಬೀನ ಅಲ್ಲ. ಉಳಿದವನು ಸಂಗನಬಸು, ಇಲಾಖೆಯವನ ಮಗ. ಅವನು ಬಂದರೆ ನಾವು ಸುಮ್ಮನಾಗುತ್ತಿದ್ದೆವು, ಪಾಟಿ ಒರೆಸಿಬಿಡುತ್ತಿದ್ದೆವು. ಒಂದು ಬೆಳಿಗ್ಗೆ ಅವನೇ ಕೇಳಿದ.

"ನಾ ಬಂದ್ರ ಯಾಕ ಬಾಯಿ ಮುಚಗೋತೀರಿ?"

"ನಿಮ್ಮಪ್ಪಗ ಹೇಳಾಕ ಸುದ್ದಿ ಬೇಕೇನು?" ಎಂದೆ ನಾನು. ಮೆಹಜಬೀನ ನನ್ನ ಕೈ ಹಿಸುಕಿದಳು. ಅಷ್ಟರಲ್ಲಿ ಮಾತು ಹೋಗಿಯಾಗಿತ್ತು. ಅವನು ಪಾಟಿಯನ್ನು ಬಗಲಲ್ಲಿಟ್ಟುಕೊಂಡು ಹೋದ. ಪರೀಕ್ಷೆಯವರೆಗೆ ನಮ್ಮ ಜೊತೆ ಕೂರಲಿಲ್ಲ.

ಆ ಕಾಲದಲ್ಲಿ ಪರೀಕ್ಷೆ ಫೆಬ್ರವರಿ ಕೊನೆಗಿತ್ತು, ಈಗಿನಂತೆ ಏಪ್ರಿಲಿಗಲ್ಲ. ಏಳನೇ ಪ್ರಶ್ನೆಗೆ ಬಂದಾಗ ನಾನು ಲೇಖನಿ ಕೆಳಗಿಟ್ಟು ಅದನ್ನು ಮತ್ತೊಮ್ಮೆ ಓದಿದೆ. 'ಒಂದು ಊರಿನಲ್ಲಿ ೩೮೪೬ ಜನರಿದ್ದಾರೆ. ಒಬ್ಬರಿಗೆ ದಿನಕ್ಕೆ ಇಪ್ಪತ್ತು ಲೀಟರು ಬೇಕು. ಈಗ ದಿನಕ್ಕೆ ೯೬,೦೦೦ ಲೀಟರು ದೊರೆಯುತ್ತಿದ್ದು, ಪ್ರತಿದಿನ ೧೧೦ ಲೀಟರು ಕಡಿಮೆಯಾಗುತ್ತಿದೆ. ಮಳೆಗೆ ೧೯೦ ದಿನಗಳಿವೆ. ನೀರು ಎಷ್ಟು ದಿನ ಸಾಲುತ್ತದೆ?' ನಮ್ಮ ಊರಬಾಗಿಲಿನ ಫಲಕದಲ್ಲಿ ಪ್ರತಿ ತಿಂಗಳು ಜನಸಂಖ್ಯೆ ಬರೆಯುವುದು ನನ್ನ ಅಪ್ಪನ ಕೆಲಸ. ಆ ತಿಂಗಳು ಅವನ ಕೈ ನೋಯುತ್ತಿದ್ದುದರಿಂದ ನಾನೇ ಏಣಿ ಹತ್ತಿ ಸುಣ್ಣದಲ್ಲಿ ಬರೆದಿದ್ದೆ: ಕರಡಿಬಂಡಿ, ೩೮೪೬. ಆರರ ಬಾಲ ಸ್ವಲ್ಪ ಸೋರಿತ್ತು.

ಲೆಕ್ಕ ಸುಲಭ. ನಾನು ಮೂರು ಸಲ ಮಾಡಿದೆ. ನೂರಾ ಎಪ್ಪತ್ತಮೂರು ದಿನ. ಮಳೆಗೆ ಹದಿನೇಳು ದಿನ ಕಡಿಮೆ. ಊರು ಮುಚ್ಚಬೇಕು.

ಆದರೆ ಪ್ರಶ್ನೆಯಲ್ಲಿ ಇಲ್ಲದ್ದೊಂದು ನಮ್ಮ ಊರಿನಲ್ಲಿತ್ತು. ಊರಿಗೆ ಹೆಸರು ಕೊಟ್ಟ ಕರಡಿಬಂಡೆಯ ಹಿಂದೆ, ಸಂದಿಯಲ್ಲಿ ಬಗ್ಗಿ ಹೋದರೆ, ಸಿಡಿಲಬಾವಿ. ಮೆಟ್ಟಿಲಿಳಿದು ತುಂಬಿಕೊಳ್ಳುವ ಹಳೆಯ ಬಾವಿ. ಯಾವ ಕಾಗದದಲ್ಲೂ ಅದಿಲ್ಲ, ಯಾಕೆಂದರೆ ಕಾಗದಕ್ಕೆ ಬಂದ ನೀರೆಲ್ಲ ಇಲಾಖೆಯದು. ಮನೆಮನೆಯವರು ಸರದಿಯಂತೆ ಹೋಗಿ ತರುತ್ತಿದ್ದೆವು. ದಿನಕ್ಕೆ ನಾಲ್ಕು ಸಾವಿರ ಲೀಟರು ಎತ್ತಿದರೂ ಅದು ಬತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಆ ಹದಿನೇಳು ದಿನಗಳಲ್ಲಿ ಕಡೆಯ ದಿನದ ಕೊರತೆ ಎರಡು ಸಾವಿರ ಲೀಟರೂ ಅಲ್ಲ.

ಸುಳ್ಳು ಉತ್ತರ ಬರೆಯಲು ಕೈ ಬರಲಿಲ್ಲ. ನಿಜವಾಗಿ ನೀರು ತೀರಿದರೆ ಸಾಯುವವರು ನಮ್ಮವರೇ. ಕೊನೆಗೆ ಬರೆದೆ: 'ಕೊಟ್ಟ ವಿವರ ಅಪೂರ್ಣ. ಈ ಊರಿನಲ್ಲಿ ಇನ್ನೊಂದು ಬಾವಿಯಿದೆ. ಅಳೆದು ನೋಡಿ ಆಮೇಲೆ ಕೇಳಿ.' ಹಾಳೆ ಕೊಡುವಾಗ ವಾಲಿಕಾರ ಮಾಸ್ತರರ ಕಣ್ಣು ಆ ಸಾಲಿನ ಮೇಲೆ ನಿಂತಿತು. ಅವರು ಹಾಳೆಯನ್ನು ಕಟ್ಟಿನ ನಡುವೆ ಸೇರಿಸಿದರು.

ಹೊರಗೆ ಚಾಪೆಯ ನೆರಳಿನಲ್ಲಿ ಮೆಹಜಬೀನ ಕಾಯುತ್ತಿದ್ದಳು. ನಾನು ಬರೆದದ್ದನ್ನು ಹೇಳಿದೆ. ಅವಳು ನನ್ನನ್ನು ಗೋಡೆಯ ಮೂಲೆಗೆ ಎಳೆದಳು.

"ಬಾವಿ ಹೆಸರು ತಗದೇನು?"

"ತಗೀದ ಇದ್ರ ಊರ ಹೋಗ್ತಿತ್ತು. ನೀ ಏನ್ ಬರದಿ?"

"ನೂರಾ ಎಪ್ಪತ್ತಮೂರು," ಎಂದಳು. "ಲೇ ಕಸ್ತೂರಿ, ಅವರು ನಮ್ಮೂರಾಗ ಎಷ್ಟ ಮಂದಿ ಅನ್ನೂದ ಬಲ್ಲರು, ಎಷ್ಟ ನೀರ ಅನ್ನೂದ ಬಲ್ಲರು. ಮತ್ತ ನಮ್ಮ ಹುಡುಗರ ಕಡೇನ ಯಾಕ ಕೇಳ್ತಾರ? ನಾವು ಹೆದರಿ ಮುಚ್ಚಿಟ್ಟಿದ್ದನ್ನ ಬಾಯಿಬಿಡ್ಲಿ ಅಂತ. ಎಲೆಗುಡ್ಡದಾಗೂ ಒಂದ್ ಬಾವಿ ಇತ್ತಂತ. ನಮ್ಮಜ್ಜಿ ಇವತ್ತಿಗೂ ಯಾರ ಮುಂದೂ ಅದರ ಹೆಸರ ಹೇಳಂಗಿಲ್ಲ."

"ಮಂದಿ ಚದುರಿ ಹೋದ್ರೂ?"

"ಮಂದಿ ಹೋದ್ರ ಒಂದಿನ ತಿರುಗಿ ಬರ್ತಾರ. ನೀರ ಹೋದ್ರ?"

ಬಿಸಿಲಗಂಟೆ ಹೊಡೆಯಿತು, ಇಬ್ಬರೂ ಮನೆಯ ಕಡೆ ನಡೆದೆವು. ಆ ಲೆಕ್ಕವನ್ನು ಇವತ್ತಿಗೂ ಬಿಡಿಸುತ್ತಿದ್ದೇನೆ.

ಹತ್ತೊಂಬತ್ತು ದಿನಗಳ ಮೇಲೆ ಇಲಾಖೆಯ ವಾಹನ ಬಂತು. ಅಧಿಕಾರಿ ಯಾರನ್ನೂ ದಾರಿ ಕೇಳದೆ ನೆಟ್ಟಗೆ ಕರಡಿಬಂಡೆಯ ಹಿಂದಕ್ಕೆ ನಡೆದ. ಸಿಡಿಲಬಾವಿಗೆ ಹಗ್ಗ ಬಿಟ್ಟು ಅಳೆದರು, ಅದಕ್ಕೆ ಕಬ್ಬಿಣದ ಮುಚ್ಚಳ ಕೂರಿಸಿದರು, ಮುಚ್ಚಳಕ್ಕೆ ಮೀಟರು ಹಾಕಿದರು. ನನ್ನ ಉತ್ತರದಲ್ಲಿ ಬಾವಿ ಎಲ್ಲಿದೆ ಎಂದು ನಾನು ಬರೆದಿರಲಿಲ್ಲ. ಬರೆದವನು ಇನ್ನೊಬ್ಬನಿದ್ದ. ಸಂಗನಬಸು ಬಂಡೆಯ ನಕ್ಷೆ ಸಮೇತ ಬರೆದಿದ್ದ, ಆಳ, ಮೆಟ್ಟಿಲು, ದಿನದ ನೀರು ಎಲ್ಲವನ್ನೂ. ಬಾವಿಯನ್ನು ಇಷ್ಟು ವರ್ಷ ಕಂಡೂ ಕಾಣದಂತಿದ್ದನೆಂದು ಅವನ ಅಪ್ಪನನ್ನು ಕೆಲಸದಿಂದ ತೆಗೆದರು. ಹೀಗಾಗುತ್ತದೆಂದು ಗೊತ್ತಿದ್ದೂ, ಊರು ಉಳಿಯಲೆಂದು ಅವನು ಬರೆದಿದ್ದ. ನಾನು ಅವರ ಮನೆಗೆ ಹೋದಾಗ ಸಂಗನಬಸು ಹೊಸ್ತಿಲಲ್ಲೇ ನಿಂತು, "ಈಗ ನಂಬಿದೇನು?" ಎಂದಷ್ಟೇ ಕೇಳಿದ. ಅವನಮ್ಮ ಒಳಗಿನಿಂದ, "ಯಾರ ಬಂದಾರೋ, ಒಳಗ ಕರಿ," ಎಂದರು. ನಾನು ಒಳಗೆ ಹೋಗಲಾರದೆ ತಿರುಗಿದೆ.

ಆ ವರ್ಷ ಊರು ಉಳಿಯಿತು. ನನಗೂ ಸಂಗನಬಸುವಿಗೂ ಏಳನೇ ಪ್ರಶ್ನೆಗೆ ಸೊನ್ನೆ. ಮೆಹಜಬೀನ ಜಿಲ್ಲೆಗೇ ಮೊದಲು ಬಂದಳು. ಮುಂದಿನ ವರ್ಷ ಬಾವಿಯಿಂದ ಕೊಳವೆ ಎಳೆದು ಇನ್ನೊಂದು ಕಡೆಗೆ ನೀರು ಒಯ್ದರು. ನಾಲ್ಕನೆಯ ವರ್ಷ ಬಾವಿ ಬತ್ತಿತು. ಐದನೆಯ ವರ್ಷ ಕರಡಿಬಂಡಿ ಮುಚ್ಚಿತು. ನನ್ನ ಅಪ್ಪ ಫಲಕ ಒರೆಸಿ ಲಾರಿ ಹತ್ತಿದ. ಮೆಹಜಬೀನ ಕಾರವಾರದ ಕಡೆಗೆ ಹೋದಳು. ಮೂವತ್ತು ವರ್ಷ ನನಗೆ ಪತ್ರ ಬರೆದಳು. ಒಂದರಲ್ಲೂ 'ನಾ ಹೇಳಿದ್ದಿಲ್ಲೇನು' ಎಂಬ ಮಾತಿರಲಿಲ್ಲ. ಅದನ್ನು ಅವಳು ಪ್ರತಿ ಸಲ ಬರೆದು ಒರೆಸುತ್ತಿದ್ದಳೇನೋ ಎಂದು ನನಗೆ ಅನುಮಾನ.

ಇಲಾಖೆಯಾಗಲಿ ಪರೀಕ್ಷಾ ಮಂಡಳಿಯಾಗಲಿ ಏನನ್ನೂ ಒಪ್ಪಿಕೊಂಡಿಲ್ಲ. ನಾನು ಗಣಿತ ಶಿಕ್ಷಕಿಯಾಗಿ ಮೂವತ್ತೆಂಟು ವರ್ಷವಾಯಿತು. ಹೋದ ತಿಂಗಳು ಮಂಡಳಿಯಿಂದ ಪತ್ರ ಬಂತು: ಈ ಸಲದ ಪ್ರಶ್ನೆಪತ್ರಿಕೆ ನೀವು ತಯಾರಿಸಬೇಕು. ಜೊತೆಗೊಂದು ಮೊಹರು ಹಾಕಿದ ಲಕೋಟೆ, ಅದರಲ್ಲಿ ಏಳನೇ ಪ್ರಶ್ನೆಗೆ ಬಳಸಬೇಕಾದ ಅಂಕಿಗಳು. ಜನ ೧೯೦೮. ಊರಿನ ಹೆಸರಿಲ್ಲ.

ಬೇರೆ ಬೇರೆ ಊರುಗಳಲ್ಲಿ ಮಾಸ್ತರರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಾಗದ ಹಾಕಿ, ೧೯೦೮ ಜನರ ಊರು ಯಾವುದೆಂದು ವಿಚಾರಿಸಿದೆ. ಹನ್ನೆರಡನೆಯ ದಿನ ಒಬ್ಬಳ ಉತ್ತರ ಬಂತು: ಬಸರಿಕಟ್ಟಿ. ಮೊದಲ ಬಸ್ಸಿಗೇ ಹೋದೆ. ಒಂದು ಮನೆಯ ಮುಂದೆ ನನ್ನ ಓರಗೆಯ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತ ಕೂತಿದ್ದಳು. ಕೂರಲು ಮಣೆ ಕೊಟ್ಟಳು, ಬಿಸಿ ರೊಟ್ಟಿ ಕೊಟ್ಟಳು.

"ಯಾರ್ನ ಹುಡುಕ್ಯಾಡಾಕ ಬಂದೀರಿ ಬಾಯಾರ?"

"ಹಿಂಗ ಬಂದೆ. ನಿಮ್ಮೂರಾಗ ನೀರಿಗೆ ಹೆಂಗ?"

ಅವಳ ಕೈ ನಿಂತಿತು. "ಇಲಾಖೆ ನೀರ ಬರ್ತೈತ್ರಿ."

"ಬ್ಯಾರೆ ಎಲ್ಲೂ ಇಲ್ಲೇನು?"

"ಇಲ್ಲ," ಎಂದಳು, ತಟ್ಟನೆ. ಆಗ ಅವಳ ಸೊಸೆ ಹಿತ್ತಲಿನಿಂದ ತುಂಬಿದ ಕೊಡ ಹೊತ್ತು ಬಂದವಳು ನನ್ನನ್ನು ಕಂಡು ಬಾಗಿಲಲ್ಲೇ ತಡೆದು ನಿಂತಳು. ಇಲಾಖೆಯ ನೀರು ಬಿಡುವ ಹೊತ್ತು ಅದಾಗಿರಲಿಲ್ಲ. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ, ಮೇಲೆ ನೋಡಲಿಲ್ಲ.

ನಿನ್ನೆ ಪ್ರಶ್ನೆಪತ್ರಿಕೆ ಮುಗಿಸಿದೆ. ಹಿತ್ತಲಿನ ಮಾತು ಬರೆದಿಲ್ಲ. ಆದರೆ ಏಳನೇ ಪ್ರಶ್ನೆಯಲ್ಲಿ 'ಒಂದು ಊರಿನಲ್ಲಿ' ಎಂದಿದ್ದನ್ನು ಹೊಡೆದುಹಾಕಿ 'ಬಸರಿಕಟ್ಟಿಯಲ್ಲಿ' ಎಂದು ಬರೆದೆ. ಮಕ್ಕಳು ಯಾರ ಮೇಲೆ ಲೆಕ್ಕ ಮಾಡುತ್ತಿದ್ದೇವೆಂದು ತಿಳಿದು ಮಾಡಲಿ. ಅದು ಹಾಗೇ ಅಚ್ಚಾಗುತ್ತದೋ, ತಿದ್ದಿ ನನ್ನನ್ನು ಮನೆಗೆ ಕಳಿಸುತ್ತಾರೋ, ನೋಡಬೇಕು.

ನಿಮ್ಮ ಪರೀಕ್ಷೆ ಇನ್ನೂ ಬರೀ ಪರೀಕ್ಷೆಯೇ ಇದ್ದೀತು. ಚೆನ್ನಾಗಿ ಓದಿ, ಲೆಕ್ಕ ತಪ್ಪಬೇಡಿ. ಲೆಕ್ಕ ಬಾರದವರ ಅನುಮಾನಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಆದರೆ ಒಂದು ಲೆಕ್ಕ ಯಾಕೆ ಕೇಳುತ್ತಿದ್ದಾರೆಂದು ತಿಳಿಯದಿದ್ದರೆ ಎದ್ದು ನಿಂತು ಕೇಳಿ. ಕೇಳುವಾಗ ಪಕ್ಕದಲ್ಲಿ ಕೂತವನ ಮೇಲೆ ಮಾತ್ರ ಮೊದಲ ಸಂಶಯ ಪಡಬೇಡಿ. ತಪ್ಪೆಂದು ಖಚಿತವಾಗಿ ಹೇಳಬಲ್ಲ ನನ್ನ ಲೆಕ್ಕ ಅದೊಂದೇ.

ರೊಟ್ಟಿ ಕೊಟ್ಟವಳ ಹೆಸರು ನೀಲವ್ವ. ಹೊರಡುವಾಗ ಕೇಳಿ ತಿಳಿದುಕೊಂಡೆ. ಅವಳು ತಿರುಗಿ, "ನಿಮ್ಮ ಹೆಸರೇನ್ರಿ?" ಎಂದಾಗ ಬಸ್ಸು ಬಂತೆಂದು ಸುಳ್ಳು ಹೇಳಿ ಎದ್ದುಬಂದೆ.

ಕಸ್ತೂರಿ ಬಡಿಗೇರ
ಮುಚ್ಚಿದ ಊರು ಕರಡಿಬಂಡಿಯವಳು