ನಾಲ್ಕು ಬೋಲ್ಟು

ಅಣ್ಣಾ,

ಇವತ್ತು ಅತ್ತಿಗೆಯ ಜೊತೆ ಹೋಗಿ ಟ್ರ್ಯಾಕ್ಟರ್ ನೋಡಿ ಬಂದೆ. ಹಳೆಯದೇ, ಆದರೆ ನಮ್ಮದು ಅಂತ ಆಗುವ ಮೊದಲನೆಯದು. ಇನ್ನು ಬಾಡಿಗೆ ಗಾಡಿಯ ದಾರಿ ಕಾಯಬೇಕಿಲ್ಲ. ನೀನು ಹೇಳುತ್ತಿದ್ದಂತೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿದೆ. ಒಂದೇ ಸಲಕ್ಕೆ ಹತ್ತಿತು. ಅಗಲ ಕಡಿಮೆ, ನಮ್ಮ ಮರಗಳ ನಡುವೆ ಸಲೀಸಾಗಿ ನುಗ್ಗುತ್ತದೆ.

ಗಾಡಿ ಮಗುಚಿದರೆ ಓಡಿಸುವವನನ್ನು ಕಾಯಲು ಸೀಟಿನ ಹಿಂದೆ ಇರಬೇಕಾದ ಕಬ್ಬಿಣದ ಕಮಾನು ಮಾತ್ರ ಇರಲಿಲ್ಲ. ಕೇಳಿದ್ದಕ್ಕೆ ಮಾರುವವರು ನಕ್ಕರು.

"ಕೊಂಬೆಗೆಲ್ಲ ಸಿಕ್ಕಾಕ್ಕೊಂಡು ಜೀವ ತಿಂತಿತ್ತು, ಬಿಚ್ಚಿಟ್ಟಿದೀನಿ. ಮರ ಇರೋ ಕಡೆ ಎಲ್ರೂ ಮಾಡೋದೇ ಅದು."

"ಅದನ್ನ ಹಾಕ್ಸಿಕೊಟ್ರೆ ತಗೋತೀನಿ. ಇಲ್ಲಾಂದ್ರೆ ಗಾಡಿ ನೀವೇ ಇಟ್ಕೊಳ್ಳಿ," ಎಂದು ರೇಗಿಬಿಟ್ಟೆ. ಅತ್ತಿಗೆ ಬೆರಗಾಗಿ ನನ್ನನ್ನೇ ನೋಡಿದರು.

ಬರುವಾಗ ಅವರು ಮೆಲ್ಲಗೆ ಕೇಳಿದರು: "ಅವತ್ತು ಇಳಿಜಾರಲ್ಲಿ ಮಗುಚಿದ ಬಾಡಿಗೆ ಗಾಡಿಗೂ ಕಮಾನು ಇದ್ದಿದ್ರೆ, ನಿಮ್ಮಣ್ಣ ಉಳೀತಿದ್ರಾ?"

"ಇದ್ದಿದ್ರೆ ಉಳೀತಿದ್ದ, ಅತ್ತಿಗೆ," ಎಂದೆ.

ಅವತ್ತು ಬೆಳಿಗ್ಗೆಯವರೆಗೂ ಇತ್ತಲ್ಲ, ಅಣ್ಣಾ. ಅದರ ನಾಲ್ಕು ಬೋಲ್ಟು ಇನ್ನೂ ನನ್ನ ಸ್ಪ್ಯಾನರ್ ಡಬ್ಬದಲ್ಲೇ ಇವೆ.